ಗಾಲ್ಫ್ ಬಾಲವೀರನ ವನವಾಸ

ಗಾಲ್ಫ್ ಆಟವನ್ನು ನಮ್ಮಲ್ಲಿ ಬಹುಮಂದಿ ಗೋಡೆಯ ಹೊರಗಿನಿಂದಲೇ ಬಲ್ಲವರು. ಮುಂಬಯಿಯ ಚೆಂಬೂರಿನಲ್ಲಿ ೧೯೨೭ರಿಂದ ಇರುವ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ಬಿನ ಆವರಣವನ್ನು ಹಾದು ದಿನವೂ ಕೆಲಸಕ್ಕೆ ಹೋಗಿಬರುವ ಎಷ್ಟೋ ಕನ್ನಡಿಗರಿಗೆ ಒಳಗಣ ಮರಗಳ ಹಸುರು ಕಂಡಿರಬಹುದೇ ಹೊರತು ಆಟ ಕಂಡಿರಲಾರದು. ಬೆಂಗಳೂರಿನಲ್ಲಿ ಇಂತಹ ಕ್ಲಬ್ಬು ೧೮೭೬ರಲ್ಲಿಯೇ ಸ್ಥಾಪಿತವಾಯಿತಾದರೂ ಅಲ್ಲಿಯೂ ಅದು ಬಹುಕಾಲ ಆಂಗ್ಲ ಅಧಿಕಾರಿಗಳ ಮತ್ತು ಸಿರಿವಂತರ ಸಂಜೆಯ ವಿನೋದವಾಗಿತ್ತು. ಆದುದರಿಂದ ಗಾಲ್ಫ್ ಎಂದೊಡನೆ ದುಡ್ಡಿದ್ದವರ ವಿರಾಮವೆಂದು ನಾವು ಭಾವಿಸುವುದು ಸಹಜವೇ. ಆದರೆ ಇದೇ ಆಟವನ್ನು ಹೊಟ್ಟೆಪಾಡಾಗಿ ಮಾಡಿಕೊಂಡವರೂ ಲೋಕದಲ್ಲಿ ಇದ್ದಾರೆ. ಅವರ ಪಾಡು ಬೇರೆಯೇ ಆಗಿದೆ.

ಅಂತಹವರಲ್ಲೊಬ್ಬನು ಇಟಲಿಯ ಮತ್ತೇಯೊ ಮನಸೇರೊ. ಹದಿನಾರನೆಯ ವಯಸ್ಸಿನಲ್ಲಿ ಗಾಲ್ಫ್ ಜಗತ್ತನ್ನು ಬೆರಗುಗೊಳಿಸಿ, ಇಪ್ಪತ್ತು ತುಂಬಿ ತಿಂಗಳೊಂದು ಕಳೆಯುವಷ್ಟರಲ್ಲಿ ಯೂರೋಪಿನ ಅತ್ಯುನ್ನತ ಸ್ಪರ್ಧೆಗಳಲ್ಲೊಂದನ್ನು ಗೆದ್ದು, ಅಲ್ಲಿಂದ ಮುಂದೆ ಹತ್ತು ವರ್ಷಗಳಿಗೂ ಮಿಕ್ಕ ಕಾಲ ಆ ಮಟ್ಟದ ಇನ್ನೊಂದು ಗೆಲುವನ್ನು ಕಾಣದೆ ಹೋದವನು ಆತ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮೊಳಕೆಯಲ್ಲಿ ಕಂಡ ಸಿರಿ ಬೆಳೆಯುವಾಗ ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ಆ ಗಾದೆಯಲ್ಲಿ ಉತ್ತರವಿಲ್ಲ. ಮನಸೇರೊವಿನ ವೃತ್ತಾಂತದಲ್ಲಿ ಅದಕ್ಕೆ ಒಂದು ಉತ್ತರ ಸಿಗುತ್ತದೆ.

ಮೊದಲು ಆಟದ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಸಬೇಕು. ನೂರಾರು ಗಜಗಳ ಆಚೆ ನೆಲದಲ್ಲಿ ಕೊರೆದಿರುವ, ನಾಲ್ಕೂಕಾಲು ಅಂಗುಲ ಅಗಲದ ಕುಳಿಯೊಂದರೊಳಕ್ಕೆ ಚಿಕ್ಕ ಚೆಂಡೊಂದನ್ನು ಕೋಲಿನಿಂದ ಹೊಡೆದು ಸೇರಿಸಬೇಕು. ಇಂತಹ ಕುಳಿಗಳು ಹದಿನೆಂಟು. ಯಾರು ಕಡಮೆ ಹೊಡೆತಗಳಲ್ಲಿ ಮುಗಿಸುವರೋ ಅವರೇ ಗೆದ್ದಂತೆ. ಮೊದಲ ಹೊಡೆತ ದೂರಕ್ಕೆ. ಅಲ್ಲಿ ತೋಳಿನ ಬಲ ಬೇಕು. ಕೊನೆಯ ಹೊಡೆತಗಳು ಕುಳಿಯ ಸುತ್ತಣ ನುಣುಪಾದ ಹುಲ್ಲಿನ ಮೇಲೆ ಚೆಂಡನ್ನು ಮೆಲ್ಲನೆ ಉರುಳಿಸುವುದಕ್ಕೆ. ಅಲ್ಲಿ ಬೇಕಾದದ್ದು ಕಣ್ಣಿನ ಅಳತೆ ಮತ್ತು ಕೈಯ ಹದ. ಮುನ್ನೂರು ಗಜ ಹಾರಿದ ಹೊಡೆತವೂ ಒಂದು ಎಣಿಕೆಯೇ, ಮೂರಂಗುಲ ಉರುಳಿದ ಹೊಡೆತವೂ ಒಂದು ಎಣಿಕೆಯೇ. ಆಟದ ನ್ಯಾಯವೆಲ್ಲವೂ, ಕ್ರೌರ್ಯವೆಲ್ಲವೂ ಈ ಒಂದು ಲೆಕ್ಕದಲ್ಲಿ ಅಡಗಿದೆ.

ಇನ್ನು ವೃತ್ತಿಯ ಮಾತು. ದೊಡ್ಡ ಪಂದ್ಯವೊಂದು ಸಾಮಾನ್ಯವಾಗಿ ನಾಲ್ಕು ದಿನ ನಡೆಯುತ್ತದೆ. ನೂರೈವತ್ತರಷ್ಟು ಆಟಗಾರರು ಗುರುವಾರ ಆರಂಭಿಸುತ್ತಾರೆ. ಶುಕ್ರವಾರ ಸಂಜೆ ಪಟ್ಟಿಗೆ ಕತ್ತರಿ ಬೀಳುತ್ತದೆ. ಇದಕ್ಕೆ ‘ಕಟ್’ ಎಂದೇ ಹೆಸರು. ಮೊದಲ ಅರುವತ್ತೈದು ಎಪ್ಪತ್ತು ಮಂದಿ ಉಳಿದು ಶನಿವಾರ ಭಾನುವಾರ ಆಡುತ್ತಾರೆ. ಬಹುಮಾನದ ಹಣ ಅವರಿಗೆ ಮಾತ್ರ. ಮಿಕ್ಕವರು ವಿಮಾನದ ಟಿಕೀಟು, ಹೋಟೆಲಿನ ಬಾಡಿಗೆ, ಕೋಲುಗಳ ಚೀಲ ಹೊರುವ ಕ್ಯಾಡಿಯ ಕೂಲಿ ಎಲ್ಲವನ್ನೂ ಸ್ವಂತ ಜೇಬಿನಿಂದ ತೆತ್ತು ಬರಿಗೈಯಲ್ಲಿ ಊರಿಗೆ ಮರಳಬೇಕು. ಎರಡು ದಿನ ಪಂಕ್ತಿಯಲ್ಲಿ ಓಡಾಡಿ ಬಡಿಸಿ, ಮೂರನೆಯ ದಿನ ಗಲ್ಲಾದ ಬಳಿ ಹೋದರೆ ‘ನಿನಗೆ ಏನೂ ಇಲ್ಲ, ನೀನು ಉಳಿದುಕೊಂಡಿದ್ದಕ್ಕೆ ನೀನೇ ಕೊಡು’ ಎಂದಂತೆ. ಇನ್ನು ಇಂತಹ ಪಂದ್ಯಗಳಲ್ಲಿ ವರ್ಷವಿಡೀ ಆಡಲು ಅಧಿಕಾರ ಕೊಡುವ ಒಂದು ಪರವಾನಗಿ ಇದೆ. ಅದಕ್ಕೆ ಆಟಗಾರರು ‘ಕಾರ್ಡು’ ಎನ್ನುತ್ತಾರೆ. ವರ್ಷದ ಗಳಿಕೆ ಸಾಲದೆ ಹೋದರೆ ಕಾರ್ಡು ಹೋಯಿತು. ಆಮೇಲೆ ಕೆಳಗಿನ ದರ್ಜೆಯ ಸ್ಪರ್ಧೆಗಳೇ ಗತಿ. ಕಾರ್ಡೆಂದರೆ ನಮ್ಮ ಕಛೇರಿಗಳ ಭಾಷೆಯಲ್ಲಿ ಕಾಯಂ ನೌಕರಿಯಲ್ಲ. ವರ್ಷ ವರ್ಷವೂ ಹೊಸದಾಗಿ ಗಳಿಸಬೇಕಾದ ಹಂಗಾಮಿ ನೇಮಕ.

ಮನಸೇರೊ ಹುಟ್ಟಿದ್ದು ೧೯೯೩ರ ಏಪ್ರಿಲ್ ೧೯ರಂದು, ಉತ್ತರ ಇಟಲಿಯ ವೆರೋನಾ ನಗರಕ್ಕೆ ಸಮೀಪದ ನೆಗ್ರಾರ್‌ನಲ್ಲಿ. ಇಟಲಿ ಕಾಲ್ಚೆಂಡಿನ ನಾಡು. ಗಾಲ್ಫ್ ಅಲ್ಲಿ ಎಂದೂ ಜನರ ಆಟವಾಗಿರಲಿಲ್ಲ. ಆತನಿಗೆ ಮುಂಚೆ ಆ ದೇಶದಿಂದ ಲೋಕಖ್ಯಾತಿಗೆ ಬಂದವರಲ್ಲಿ ಮುಖ್ಯರು ಕೊಸ್ತಾಂತಿನೊ ರೊಕ್ಕಾ. ಅವರು ಮೊದಲಿಗೆ ಕಾರ್ಖಾನೆಯೊಂದರಲ್ಲಿ ಕೂಲಿಗಿದ್ದವರು. ೧೯೯೫ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಓಪನ್ ಪಂದ್ಯದ ಕೊನೆಯ ಕುಳಿಯಲ್ಲಿ ಬಹುದೂರದಿಂದ ಚೆಂಡನ್ನು ಉರುಳಿಸಿ ಸೇರಿಸಿ, ಜಾನ್ ಡೇಲಿಯೊಡನೆ ಸಮನಾಗಿ ನಿಂತು, ನಿರ್ಣಾಯಕ ಕುಳಿಗಳಲ್ಲಿ ಸೋತಾಗ ಅವರಿಗೆ ಮೂವತ್ತೆಂಟು ವರ್ಷ. ಅವರ ಏಳಿಗೆ ತಡವಾಗಿ ಬಂದದ್ದು. ಮನಸೇರೊವಿನದು ಅದಕ್ಕೆ ತೀರ ವಿರುದ್ಧ.

೨೦೦೯ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಫಾರ್ಮ್‌ಬಿಯಲ್ಲಿ ನಡೆದ ಬ್ರಿಟಿಷ್ ಹವ್ಯಾಸೀ ಚಾಂಪಿಯನ್ ಪಂದ್ಯದ ಅಂತಿಮದಲ್ಲಿ ಆತನು ಸ್ಯಾಮ್ ಹಟ್ಸ್‌ಬಿಯನ್ನು ಸೋಲಿಸಿದನು. ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದ ಆ ಪಂದ್ಯವನ್ನು ಅಷ್ಟು ಎಳೆಯ ವಯಸ್ಸಿನಲ್ಲಿ ಗೆದ್ದವರು ಅದುವರೆಗೆ ಯಾರೂ ಇರಲಿಲ್ಲ. ಇಟಲಿಯವನೊಬ್ಬ ಗೆದ್ದದ್ದೂ ಅದೇ ಮೊದಲು. ಆ ಗೆಲುವಿನ ಫಲವಾಗಿ ಮರುತಿಂಗಳು ಸ್ಕಾಟ್ಲೆಂಡಿನ ಟರ್ನ್‌ಬೆರಿಯಲ್ಲಿ ಬ್ರಿಟಿಷ್ ಓಪನ್ ಆಡುವ ಅವಕಾಶ ದೊರೆಯಿತು.

ಅಲ್ಲಿ ಮೊದಲ ಎರಡು ದಿನ ಆತನ ಜೊತೆಗಾರರಾಗಿ ಗೊತ್ತಾದವರು ಯಾರು ಯಾರೆಂಬುದನ್ನು ಗಮನಿಸಬೇಕು. ಒಬ್ಬರು ಅಮೆರಿಕದ ಟಾಮ್ ವಾಟ್ಸನ್. ಐವತ್ತೊಂಬತ್ತು ವರ್ಷದ ವೃದ್ಧ ಚಾಂಪಿಯನ್. ಇನ್ನೊಬ್ಬನು ಸ್ಪೇನಿನ ಸೆರ್ಹಿಯೊ ಗಾರ್ಸಿಯಾ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ೧೯೯೯ರ ಅಮೆರಿಕದ ಪಿ.ಜಿ.ಎ. ಚಾಂಪಿಯನ್ ಪಂದ್ಯದಲ್ಲಿ, ಮರದ ಬುಡದಿಂದ ಕಣ್ಣುಮುಚ್ಚಿ ಹೊಡೆದು ಟೈಗರ್ ವುಡ್ಸ್‌ನ ಬೆನ್ನಟ್ಟಿ ಎರಡನೆಯವನಾದ, ‘ಬಾಲಕ’ ಎಂಬ ಅರ್ಥದ ಸ್ಪ್ಯಾನಿಷ್ ಬಿರುದಿನವನು ಈತ. ಹತ್ತು ವರ್ಷ ಕಳೆದಿದ್ದರೂ ಅವನ ಕೈಗೆ ಒಂದು ಮಹಾಪಂದ್ಯವೂ ದಕ್ಕಿರಲಿಲ್ಲ. ಈ ಇಬ್ಬರ ನಡುವೆ ಹದಿನಾರರ ಹುಡುಗ ನಡೆದುಹೋದನು. ವಾಟ್ಸನ್ ಅವರು ಆ ಪಂದ್ಯವನ್ನು ಗೆದ್ದೇಬಿಟ್ಟರೆಂಬಷ್ಟರ ಮಟ್ಟಿಗೆ ಬಂದು, ಕಟ್ಟಕಡೆಯ ಕುಳಿಯಲ್ಲಿ ಒಂದು ಹೊಡೆತ ಹೆಚ್ಚಾಗಿ, ಸ್ಟೂವರ್ಟ್ ಸಿಂಕ್‌ನಿಗೆ ಸೋತರು. ಹುಡುಗನು ಸಮನಾದ ಹದಿಮೂರನೆಯ ಸ್ಥಾನ ಪಡೆದು, ಹವ್ಯಾಸಿಗಳಲ್ಲಿ ಮೊದಲಿಗನೆಂದು ಬೆಳ್ಳಿಯ ಪದಕ ಧರಿಸಿದನು. ಹವ್ಯಾಸಿಗೆ ಬಹುಮಾನದ ಹಣ ಮುಟ್ಟುವ ಹಕ್ಕಿಲ್ಲ. ಪದಕವೊಂದೇ ಆತನ ಪಾಲಿಗೆ ಬಂದದ್ದು.

ಅಲ್ಲಿಂದ ಮುಂದಿನ ನಾಲ್ಕು ವರ್ಷ ದಾಖಲೆಗಳ ಸುಗ್ಗಿ. ೨೦೧೦ರ ಏಪ್ರಿಲ್‌ನಲ್ಲಿ, ಹದಿನೇಳು ತುಂಬುವುದಕ್ಕೆ ಇನ್ನೂ ಕೆಲವು ದಿನಗಳಿರುವಾಗ, ಅಮೆರಿಕದ ಮಾಸ್ಟರ್ಸ್ ಪಂದ್ಯದಲ್ಲಿ ಕಟ್ ದಾಟಿದ ಅತಿ ಕಿರಿಯನಾದನು. (ಮೂರು ವರ್ಷಗಳ ತರುವಾಯ ಚೀನದ ಗ್ವಾನ್ ತಿಯನ್‌ಲಾಂಗ್ ಎಂಬ ಹದಿನಾಲ್ಕರ ಬಾಲಕನು ಈ ದಾಖಲೆಯನ್ನು ಮುರಿದನು, ವೃತ್ತಿಗಾಲ್ಫಿನ ಮೇಲುಪಂಕ್ತಿಯಲ್ಲಿ ಅವನ ಹೆಸರು ಆಮೇಲೆ ಕೇಳಿಬರಲಿಲ್ಲ.) ಮೇ ತಿಂಗಳಲ್ಲಿ ಮನಸೇರೊ ವೃತ್ತಿಗಿಳಿದನು. ಅಕ್ಟೋಬರ್ ೨೪ರಂದು ಸ್ಪೇನಿನ ಕಾಸ್ತೆಲ್ಯೊನ್‌ನಲ್ಲಿ, ಅದೇ ಗಾರ್ಸಿಯಾನ ಸ್ವಂತ ಊರಿನ ಮೈದಾನದಲ್ಲಿ, ನಾಲ್ಕು ಹೊಡೆತಗಳ ಅಂತರದಿಂದ ಗೆದ್ದು, ಹದಿನೇಳು ವರ್ಷ ೧೮೮ ದಿನಗಳ ವಯಸ್ಸಿನಲ್ಲಿ ಯೂರೋಪಿಯನ್ ಟೂರಿನ ಅತಿ ಕಿರಿಯ ವಿಜೇತನೆನಿಸಿದನು. ೨೦೧೧ರಲ್ಲಿ, ಹದಿನೆಂಟು ತುಂಬಲು ಎರಡೇ ದಿನಗಳಿರುವಾಗ, ಮಲೇಶಿಯಾದಲ್ಲಿ ಎರಡನೆಯ ಗೆಲುವು. ೨೦೧೨ರ ನವೆಂಬರ್‌ನಲ್ಲಿ ಸಿಂಗಪುರದಲ್ಲಿ ಮೂರನೆಯದು. ಅಲ್ಲಿ ನಿರ್ಣಾಯಕ ಕುಳಿಗಳಲ್ಲಿ ಆತನಿಗೆ ಮಣಿದವನು ಮಾಜಿ ಬ್ರಿಟಿಷ್ ಓಪನ್ ವಿಜೇತ ಲೂಯಿ ಊಸ್ಟ್‌ಹೈಜನ್. ೨೦೧೩ರ ಮೇ ೨೬ರಂದು ಲಂಡನ್ ಸಮೀಪದ ವೆಂಟ್‌ವರ್ತ್‌ನಲ್ಲಿ ಬಿ.ಎಂ.ಡಬ್ಲ್ಯು. ಪಿ.ಜಿ.ಎ. ಚಾಂಪಿಯನ್ ಪಟ್ಟ. ಇದು ಯೂರೋಪಿಯನ್ ಟೂರಿನ ಕಿರೀಟಪ್ರಾಯವಾದ ಪಂದ್ಯ. ಸೈಮನ್ ಖಾನ್, ಮಾರ್ಕ್ ವಾರೆನ್ ಇಬ್ಬರೊಡನೆ ಸಮನಾಗಿ ನಿಂತು, ಹೆಚ್ಚಿನ ನಾಲ್ಕನೆಯ ಕುಳಿಯಲ್ಲಿ ಆತನು ಗೆದ್ದನು. ವಿಶ್ವದ ಶ್ರೇಯಾಂಕ ಪಟ್ಟಿಯಲ್ಲಿ ಮೊದಲ ಮೂವತ್ತರೊಳಗೆ ಬಂದನು. ಇನ್ನು ಮಹಾಪಂದ್ಯವೊಂದು ಬಾಕಿ, ಅದೂ ಇಂದೋ ನಾಳೆಯೋ ಎಂದು ಬಲ್ಲವರೆಲ್ಲರೂ ಬರೆದರು.

ಅಂದು ಸಂಜೆ ವೆಂಟ್‌ವರ್ತ್‌ನಲ್ಲಿ ಟ್ರೋಫಿಯನ್ನು ಎತ್ತಿ ಹಿಡಿದ ಆ ಯುವಕನಲ್ಲಿ ಒಂದು ಕೊರತೆ ಇದ್ದಿತು. ಅದು ಗುಟ್ಟಾಗಿರಲಿಲ್ಲ. ಆತನ ಮೊದಲ ಹೊಡೆತ ಸಮಕಾಲೀನರ ಹೊಡೆತದಷ್ಟು ದೂರ ಹೋಗುತ್ತಿರಲಿಲ್ಲ. ಹದಿನೇಳರ ಹುಡುಗನಿಗೆ ಇದು ಲೋಪವಾಗಿ ತೋರುವುದಿಲ್ಲ. ಬೆಳೆಯುತ್ತಾನೆ, ಮೈ ತುಂಬುತ್ತದೆ ಎನ್ನುತ್ತಾರೆ. ಇಪ್ಪತ್ತು ದಾಟಿದವನಿಗೆ ಅದು ಲೋಪವೇ. ಇಪ್ಪತ್ತು ಮೂವತ್ತು ಗಜ ಹಿಂದೆ ಬಿದ್ದವನು ಎರಡನೆಯ ಹೊಡೆತವನ್ನು ಉದ್ದ ಕೋಲಿನಿಂದ ಹೊಡೆಯಬೇಕು. ಮುಂದೆ ಇದ್ದವನಿಗೆ ಗಿಡ್ಡ ಕೋಲು ಸಾಕು. ಕೋಲು ಗಿಡ್ಡವಾದಷ್ಟೂ ಚೆಂಡು ಎತ್ತರಕ್ಕೇರಿ, ಮೆತ್ತಗೆ ಇಳಿದು, ಕುಳಿಯ ಹತ್ತಿರ ನಿಲ್ಲುತ್ತದೆ. ನಾಲ್ಕು ದಿನ, ಎಪ್ಪತ್ತೆರಡು ಕುಳಿ, ಪ್ರತಿಯೊಂದರಲ್ಲಿಯೂ ಈ ಚಿಕ್ಕ ಅನುಕೂಲ ಸೇರುತ್ತ ಹೋದರೆ ಅದು ಬೆಟ್ಟವಾಗುತ್ತದೆ. ಹೊಸ ಲೋಹದ ಕೋಲುಗಳೂ ಹೊಸ ಬಗೆಯ ಚೆಂಡುಗಳೂ ವ್ಯಾಯಾಮಶಾಲೆಯಲ್ಲಿ ಬೆಳೆದ ಹೊಸ ಆಟಗಾರರೂ ಸೇರಿ ಆಟವನ್ನು ಬಲವಂತರ ಕಡೆಗೆ ಎಳೆಯುತ್ತಿದ್ದ ಕಾಲ ಅದು.

ಮನಸೇರೊ ಈ ಕೊರತೆಯನ್ನು ತುಂಬಿಸಲು ಹೊರಟನು. ಆತನು ಮಾಡಿದ್ದರಲ್ಲಿ ಆಲಸ್ಯವಿಲ್ಲ, ದುರಭ್ಯಾಸವಿಲ್ಲ, ಅಹಂಕಾರವಿಲ್ಲ. ಬಾಲಪ್ರತಿಭೆಗಳು ಬಾಡಿದಾಗ ನಾವು ಸಾಮಾನ್ಯವಾಗಿ ಹುಡುಕುವ ಕಾರಣಗಳು ಇವೇ. ಇಲ್ಲಿ ಅವು ಒಂದೂ ಹೊಂದುವುದಿಲ್ಲ. ದೂರ ಹೊಡೆಯಬೇಕೆಂಬ ಹಂಬಲದಿಂದ ಬೀಸುವ ಕ್ರಮವನ್ನು ಬದಲಿಸಲು ಹೋಗಿ ತನ್ನ ಆಟವನ್ನೇ ಕಳೆದುಕೊಂಡೆನೆಂದು ಆತನೇ ತರುವಾಯ ಹೇಳಿಕೊಂಡಿದ್ದಾನೆ. ಬಾಲ್ಯದಿಂದ ಕೈಗೆ ತಾನಾಗಿ ಬಂದಿದ್ದ ಬೀಸು, ಯೋಚಿಸದೆ ಮಾಡುತ್ತಿದ್ದ ಕೆಲಸ, ಈಗ ತುಂಡು ತುಂಡಾಗಿ ಬಿಡಿಸಿ ನೋಡುವ ವಸ್ತುವಾಯಿತು. ಚೆಂಡು ದೂರ ಹೋಗುವ ಬದಲು ಓರೆ ಹೋಗತೊಡಗಿತು. ಓರೆ ಹೋದ ಚೆಂಡು ಮರಗಳ ನಡುವೆ, ಎತ್ತರದ ಹುಲ್ಲಿನಲ್ಲಿ, ನೀರಿನಲ್ಲಿ ಬೀಳುತ್ತದೆ; ಅಲ್ಲಿಂದ ಹೊರಬರಲು ಹೊಡೆತಗಳು ವ್ಯಯವಾಗುತ್ತವೆ. ಹೊಡೆತ ವ್ಯಯವಾದಂತೆ ಧೈರ್ಯವೂ ವ್ಯಯವಾಗುತ್ತದೆ. ಆತನ ನಿಜವಾದ ಸಂಪತ್ತು ಗುರಿ ತಪ್ಪದ ಕೈ ಮತ್ತು ಕುಳಿಯ ಬಳಿಯ ಶಾಂತಿ. ಇಲ್ಲದ ಬಲವನ್ನು ತರಲು ಹೋಗಿ ಇದ್ದ ಹದವೂ ಕೈಬಿಟ್ಟಿತು. ‘ಇದ್ದದ್ದೂ ಹೋಯಿತು ಮದ್ದಿನ ಗುಣ’ ಎಂಬ ಗಾದೆ ನಮ್ಮಲ್ಲಿ ಇದಕ್ಕಾಗಿಯೇ ಹುಟ್ಟಿದಂತಿದೆ.

ಆದರೂ ಆತನನ್ನು ದೂಷಿಸುವುದು ನ್ಯಾಯವಲ್ಲ. ಇದ್ದಂತೆಯೇ ಇದ್ದುಬಿಟ್ಟಿದ್ದರೆ, ಕೊರತೆ ಗೊತ್ತಿದ್ದೂ ಸುಮ್ಮನಿದ್ದ ಸೋಮಾರಿಯೆಂದು ಇದೇ ಜನರು ಆಡಿಕೊಳ್ಳುತ್ತಿದ್ದರು. ಇಪ್ಪತ್ತರ ಹುಡುಗನಿಗೆ ಸುತ್ತಲೂ ಕೇಳುತ್ತಿದ್ದ ಮಾತು ಒಂದೇ: ಇದು ಸಾಲದು, ಇನ್ನೂ ಬೇಕು.

ವೆಂಟ್‌ವರ್ತ್‌ನ ಗೆಲುವಿನೊಡನೆ ಆತನಿಗೆ ಹಲವು ವರ್ಷಗಳ ಪ್ರವೇಶಾಧಿಕಾರ ದೊರೆತಿತ್ತು. ಎಂದರೆ ಎಷ್ಟು ಸೋತರೂ ಕೂಡಲೇ ಕಾರ್ಡು ಹೋಗುವಂತಿರಲಿಲ್ಲ. ಇದು ವರವೂ ಆಯಿತು, ಶಾಪವೂ ಆಯಿತು. ನೌಕರಿ ಉಳಿಯಿತು, ಸಂಬಳ ಮಾತ್ರ ಬರಲಿಲ್ಲ. ವಾರ ವಾರವೂ ದೊಡ್ಡವರ ಪಂದ್ಯಕ್ಕೆ ಹೋಗಿ, ಕಟ್ ತಪ್ಪಿಸಿಕೊಂಡು, ಶುಕ್ರವಾರ ಸಂಜೆ ಗಂಟು ಕಟ್ಟುವುದು ಅಭ್ಯಾಸವಾಯಿತು. ೨೦೧೬ರ ಸ್ಕಾಟಿಷ್ ಓಪನ್‌ನಲ್ಲಿ ಸಮನಾದ ಮೂರನೆಯ ಸ್ಥಾನ ಬಂದಾಗ ಗ್ರಹಣ ಬಿಟ್ಟಿತೆಂದು ತೋರಿತು, ಬಿಟ್ಟಿರಲಿಲ್ಲ. ೨೦೧೮ರ ಕೊನೆಗೆ ಕಾರ್ಡು ಹೋಯಿತು. ಶ್ರೇಯಾಂಕವು ಸಾವಿರದ ಆಚೆಗೆ ಜಾರಿತು. ೨೦೧೯ರಲ್ಲಿ ಕೆಲಕಾಲ ಆಟವನ್ನೇ ಬದಿಗಿಟ್ಟನು. ಆಗ ಆತನಿಗೆ ಇಪ್ಪತ್ತಾರು ವರ್ಷ. ಬೇರೆಯವರು ವೃತ್ತಿಯಲ್ಲಿ ಕಣ್ಣು ಬಿಡುವ ವಯಸ್ಸು.

ಇಂತಹ ಪತನ ಇವನೊಬ್ಬನದೇ ಅಲ್ಲ. ಅಮೆರಿಕದ ಟೈ ಟ್ರೈಯನ್ ಎಂಬ ಹುಡುಗನ ಕಥೆಯನ್ನು ಆ ದೇಶದ ಗಾಲ್ಫ್ ಪ್ರಿಯರು ಇಂದಿಗೂ ನಿಟ್ಟುಸಿರಿನೊಡನೆ ಹೇಳುತ್ತಾರೆ. ಹದಿನಾರನೆಯ ವಯಸ್ಸಿನಲ್ಲಿ, ೨೦೦೧ರ ಹೋಂಡಾ ಕ್ಲಾಸಿಕ್ ಪಂದ್ಯದಲ್ಲಿ ಆತನು ಕಟ್ ದಾಟಿದನು. ಆ ವರ್ಷದ ಕೊನೆಗೆ, ಪಳಗಿದ ವೃತ್ತಿಗಾರರೂ ಬೆವರುವ ಅರ್ಹತಾ ಸ್ಪರ್ಧೆಯಲ್ಲಿ ತೇರ್ಗಡೆಯಾಗಿ, ಹದಿನೇಳನೆಯ ವಯಸ್ಸಿಗೇ ಪಿ.ಜಿ.ಎ. ಟೂರಿನ ಕಾರ್ಡು ಪಡೆದನು. ಅವನಿನ್ನೂ ಶಾಲೆಯ ವಿದ್ಯಾರ್ಥಿ. ಇವನ ನಿಮಿತ್ತವಾಗಿಯೇ ಹದಿನೆಂಟು ತುಂಬದವರು ಸದಸ್ಯರಾಗಕೂಡದೆಂಬ ನಿಯಮ ಹುಟ್ಟಿತು. ಕಂಪನಿಗಳ ಒಪ್ಪಂದಗಳು ಮೊದಲೇ ಬಂದಿದ್ದವು. ೨೦೦೨ರಲ್ಲಿ ಗ್ರಂಥಿಗಳು ಊದಿ ತಿಂಗಳುಗಟ್ಟಲೆ ನಿತ್ರಾಣ ಬಿಡದ ಜ್ವರ ಹಿಡಿಯಿತು. ೨೦೦೩ರಲ್ಲಿ ಮರಳಿ ಆಡಿದಾಗ ಒಂದು ಪಂದ್ಯದಲ್ಲಿ ಹತ್ತನೆಯ ಸ್ಥಾನದವರೆಗೆ ಬಂದುದೇ ಅವನ ಮೇಲ್ಮಟ್ಟ. ಕಾರ್ಡು ಹೋಯಿತು, ಮತ್ತೆ ಬರಲಿಲ್ಲ. ಸಣ್ಣ ಸಣ್ಣ ಸ್ಪರ್ಧೆಗಳಲ್ಲಿ ವರ್ಷಾನುಗಟ್ಟಲೆ ಆಡುತ್ತ, ೨೦೧೦ರಲ್ಲಿ ಒಮ್ಮೆ ಅರ್ಹತೆ ಗಳಿಸಿ ಅಮೆರಿಕದ ಓಪನ್‌ಗೆ ಬಂದನು; ಕಟ್ ದಾಟಲಿಲ್ಲ. ಅವನಿಗೆ ವಯಸ್ಸಿಗೆ ಮುಂಚೆ ದೊರೆತ ಕಾರ್ಡು ಭಾಗ್ಯವೋ ಹೊರೆಯೋ ಎಂದು ಕೇಳಿದರೆ, ನನ್ನ ಮಟ್ಟಿಗೆ ಹೊರೆಯೆಂದೇ ಹೇಳುತ್ತೇನೆ. ಎರಡು ವರ್ಷ ತಡವಾಗಿ ಬಂದಿದ್ದರೆ ಆ ಜ್ವರವನ್ನು ಅವನು ಮನೆಯಲ್ಲಿ ಮಲಗಿ ಕಳೆಯಬಹುದಿತ್ತು.

ಗಾರ್ಸಿಯಾನ ಹಾದಿ ಇನ್ನೊಂದು ಬಗೆ. ಅವನು ಮೇಲಿನ ಪಂಕ್ತಿಯನ್ನು ಬಿಟ್ಟು ಇಳಿಯಲೇ ಇಲ್ಲ. ಆದರೆ ಒಂದು ಮಹಾಪಂದ್ಯಕ್ಕಾಗಿ ಕಾಯಬೇಕಾಯಿತು. ತನ್ನಲ್ಲಿ ಮಹಾಪಂದ್ಯ ಗೆಲ್ಲುವ ಗುಣವೇ ಇಲ್ಲವೆಂಬಂತೆ ಒಮ್ಮೆ ಬಹಿರಂಗವಾಗಿಯೇ ನುಡಿದವನು, ೨೦೧೭ರ ಏಪ್ರಿಲ್ ೯ರಂದು, ಮೂವತ್ತೇಳನೆಯ ವಯಸ್ಸಿನಲ್ಲಿ, ಜಸ್ಟಿನ್ ರೋಸ್‌ನನ್ನು ಸೋಲಿಸಿ ಮಾಸ್ಟರ್ಸ್ ಗೆದ್ದನು. ‘ಬಾಲಕ’ನೆಂಬ ಬಿರುದು ಬಂದು ಹದಿನೆಂಟು ವರ್ಷ ಸಂದಿದ್ದವು.

ಮನಸೇರೊ ಮಾಡಿದ್ದು ಇವೆರಡಕ್ಕೂ ಬೇರೆ. ಆತನು ಕೆಳಗಿಳಿದನು, ಇಳಿದಲ್ಲಿಯೇ ನಿಂತು ಕೆಲಸಕ್ಕೆ ತೊಡಗಿದನು. ಯೂರೋಪಿನಲ್ಲಿ ವೃತ್ತಿಗಾಲ್ಫಿನ ಮೂರನೆಯ ದರ್ಜೆಯಲ್ಲಿ ಆಲ್ಪ್ಸ್ ಟೂರ್ ಎಂಬುದೊಂದಿದೆ. ಅಲ್ಲಿ ಬಹುಮಾನ ಅಲ್ಪ, ಪ್ರೇಕ್ಷಕರು ವಿರಳ. ವೆಂಟ್‌ವರ್ತ್‌ನಲ್ಲಿ ಸಹಸ್ರಾರು ಜನರ ನಡುವೆ ಆಡಿದ್ದವನು, ಹೆಸರು ಕೇಳರಿಯದ ಹುಡುಗರ ಜೊತೆಯಲ್ಲಿ ಅಲ್ಲಿ ಆಡಿದನು. ಒಂದು ಕಾಲದಲ್ಲಿ ದೊಡ್ಡ ಹೋಟೆಲಿನ ಗಲ್ಲಾದಲ್ಲಿ ಕುಳಿತವನು ಬೇರೊಂದು ಓಣಿಯ ಚಹದಂಗಡಿಯಲ್ಲಿ ಕಪ್ಪುಬಸಿ ತೊಳೆಯಲು ನಿಂತಂತೆ ಎಂದರೆ ನಮ್ಮವರಿಗೆ ಅದರ ಕಷ್ಟ ತಿಳಿದೀತು. ಕೆಲಸ ಕಷ್ಟವಲ್ಲ, ಗುರುತಿಸುವವರ ಕಣ್ಣನ್ನು ಎದುರಿಸುವುದು ಕಷ್ಟ. ೨೦೨೦ರಲ್ಲಿ ಆತನು ತಸ್ಕನಿಯಲ್ಲಿ ಈ ಮೂರನೆಯ ದರ್ಜೆಯ ಪಂದ್ಯವೊಂದನ್ನು ಗೆದ್ದನು. ವೆಂಟ್‌ವರ್ತ್‌ನ ತರುವಾಯ ಏಳು ವರ್ಷಗಳಲ್ಲಿ ಅದೇ ಮೊದಲ ಗೆಲುವು. ಪತ್ರಿಕೆಗಳಲ್ಲಿ ಅದಕ್ಕೆ ನಾಲ್ಕು ಸಾಲಿಗಿಂತ ಹೆಚ್ಚು ಜಾಗ ಸಿಗುವಂತಿರಲಿಲ್ಲ. ಆದರೆ ಗೆಲ್ಲುವುದೆಂದರೇನೆಂಬುದು ಕೈಗೆ ಮತ್ತೆ ನೆನಪಾಗಬೇಕಾದರೆ ಗೆಲುವಿನ ಗಾತ್ರ ಮುಖ್ಯವಲ್ಲ.

ಆಮೇಲೂ ಏಣಿಯ ಮೆಟ್ಟಲುಗಳು ಒಂದೊಂದಾಗಿಯೇ ದಾಟಬೇಕಾದವು. ಎರಡನೆಯ ದರ್ಜೆಯಾದ ಚಾಲೆಂಜ್ ಟೂರಿನಲ್ಲಿ ಗೆಲುವಿಲ್ಲದ ಋತುಗಳು ಕಳೆದವು. ೨೦೨೩ರಲ್ಲಿ ಕೋಪನ್‌ಹೇಗನ್‌ನಲ್ಲಿ ಒಂದು, ತನ್ನ ದೇಶದಲ್ಲಿಯೇ ಇನ್ನೊಂದು, ಹೀಗೆ ಎರಡು ಪಂದ್ಯ ಗೆದ್ದು, ಕಳೆದುಹೋಗಿದ್ದ ಕಾರ್ಡನ್ನು ಮರಳಿ ಪಡೆದನು. ೨೦೨೪ರ ಮಾರ್ಚ್ ೧೦ರಂದು ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಬಳಿಯ ಗ್ಲೆಂಡವರ್ ಮೈದಾನದಲ್ಲಿ, ಜಾನ್ಸನ್ ವರ್ಕ್‌ವೇರ್ ಓಪನ್ ಪಂದ್ಯವನ್ನು ಮೂರು ಹೊಡೆತಗಳ ಅಂತರದಿಂದ ಗೆದ್ದನು. ಮೊದಲ ದರ್ಜೆಯಲ್ಲಿ ಅದು ಆತನ ಐದನೆಯ ಗೆಲುವು. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಕಳೆದುಹೋದದ್ದು ೩,೯೪೧ ದಿನಗಳು. ಪಾಂಡವರ ಅರಣ್ಯವಾಸ ಹನ್ನೆರಡು ವರ್ಷ. ಇವನದು ಹನ್ನೊಂದಕ್ಕೆ ಎರಡೂವರೆ ತಿಂಗಳು ಕಡಮೆ.

ಅಚ್ಚರಿಯೆಂದರೆ, ಮರಳಿ ಬಂದಾಗಲೂ ಆತನು ಆಟದ ಅತಿದೂರ ಹೊಡೆಯುವವರಲ್ಲಿ ಒಬ್ಬನಾಗಿರಲಿಲ್ಲ. ಯಾವ ಕೊರತೆಯನ್ನು ತುಂಬಿಸಲು ಹೋಗಿ ಎಲ್ಲವೂ ಕೈಬಿಟ್ಟಿತ್ತೋ ಆ ಕೊರತೆಯೊಡನೆಯೇ ಬಾಳಲು ಕಲಿತು ಬಂದಿದ್ದನು. ಅಂದಮೇಲೆ ನಡುವಣ ವರ್ಷಗಳೆಲ್ಲ ವ್ಯರ್ಥವೇ ಎಂದು ಯಾರಾದರೂ ಕೇಳಬಹುದು. ಇಪ್ಪತ್ತು ಮತ್ತು ಮೂವತ್ತರ ನಡುವಣ ಹತ್ತು ವರ್ಷ ಆಟಗಾರನ ಆಯುಷ್ಯದಲ್ಲಿ ಮರಳಿ ಬರುವಂಥವಲ್ಲ. ಆ ನಷ್ಟವನ್ನು ಗ್ಲೆಂಡವರ್‌ನ ಟ್ರೋಫಿ ತುಂಬಿಕೊಡಲಾರದು. ಆದರೂ ಹುಡುಗನಾಗಿ ಗೆದ್ದ ನಾಲ್ಕು ಪಂದ್ಯಗಳಿಗಿಂತ ಈ ಒಂದನ್ನು ನಾನು ಹೆಚ್ಚೆಂದು ಎಣಿಸುತ್ತೇನೆ. ಅವು ಆತನಿಗೆ ಸಿಕ್ಕಿದವು. ಇದು ಆತನು ಸಂಪಾದಿಸಿದ್ದು.

ಅದೇ ವರ್ಷದ ಕೊನೆಗೆ ಯೂರೋಪಿನ ಪಟ್ಟಿಯಿಂದ ಅಮೆರಿಕದ ಪಿ.ಜಿ.ಎ. ಟೂರಿಗೆ ಅರ್ಹತೆ ಪಡೆದ ಹತ್ತು ಮಂದಿಯಲ್ಲಿ ಮನಸೇರೊವಿನ ಹೆಸರೂ ಸೇರಿತು. ಆಗ ಆತನಿಗೆ ಮೂವತ್ತೊಂದು ವರ್ಷ. ಮಹಾಪಂದ್ಯ ಮಾತ್ರ ಇನ್ನೂ ಬಾಕಿಯೇ ಇತ್ತು. ೨೦೨೪ರ ಕೊನೆಯವರೆಗಿನ ಲೆಕ್ಕ ತೆಗೆದರೆ, ನಾಲ್ಕು ಮಹಾಪಂದ್ಯಗಳಲ್ಲಿ ಆತನು ಗಳಿಸಿದ ಅತ್ಯುತ್ತಮ ಸ್ಥಾನವು, ಹದಿನಾರನೆಯ ವಯಸ್ಸಿನಲ್ಲಿ ವಾಟ್ಸನ್ ಅವರ ಪಕ್ಕದಲ್ಲಿ ನಡೆದು, ಒಂದು ಕಾಸನ್ನೂ ಮುಟ್ಟದೆ ಮನೆಗೆ ಮರಳಿದ ಟರ್ನ್‌ಬೆರಿಯ ಆ ಹದಿಮೂರನೆಯ ಸ್ಥಾನವೇ.